ಸೆಕೆಂಡ್‌ಹ್ಯಾಂಡ್ ಸ್ಪೀಕರ್ ಕೊಳ್ಳೋ ಮುಂಚೆ ಆ ಜಾಲರಿ ತೆಗೆದು ನೋಡಿ

ಇವತ್ತಿನ ಎಪಿಸೋಡ್ ಶುರು ಮಾಡೋ ಮುಂಚೆ ಒಂದು ತಪ್ಪೊಪ್ಪಿಗೆ ಇದೆ. ಹಳೇ ಸ್ಪೀಕರ್ ವ್ಯಾಪಾರದಲ್ಲಿ ನಾನು 6,800 ರೂಪಾಯಿ ಕಳ್ಕೊಂಡಿದ್ದೀನಿ. ಬಿ.ಕಾಂ ಓದಿ, ಲಾಭ ನಷ್ಟದ ಲೆಕ್ಕ ಬರೆದು ಪಾಸಾದವನು ನಾನು. ಆದ್ರೂ ಕಳ್ಕೊಂಡೆ. ಆ ದುಡ್ಡಿಗೆ ನಾನು ಕಲಿತದ್ದನ್ನ ಇವತ್ತು ನಿಮಗೆ ಪುಕ್ಕಟೆ ಹೇಳ್ತೀನಿ.

ಕಥೆ ಹೀಗೆ. ನಮ್ಮಪ್ಪನಿಗೆ ಹಾಡು ಅಂದ್ರೆ ಪ್ರಾಣ. ಊರಲ್ಲಿದ್ದಾಗ ಭಜನೆ ಮಂಡಳಿಯಲ್ಲಿ ತಾಳ ಹಾಕ್ತಿದ್ದೋರು. ಬೆಂಗಳೂರಿಗೆ ಬಂದ ಮೇಲೆ ಅವರ ಸಂಗೀತ ಅಂದ್ರೆ ಮೊಬೈಲ್ ಸ್ಪೀಕರ್, ಅದೂ ಸ್ಟೀಲ್ ಲೋಟದೊಳಗೆ ಇಟ್ಟು ಜೋರು ಮಾಡ್ಕೊಂಡಿದ್ದು. ನನ್ನ ಹತ್ರ ಒಳ್ಳೇ ಇಯರ್‌ಫೋನ್ ಇದೆ, ಆದ್ರೆ ಅಪ್ಪ ಅದನ್ನ ಹಾಕ್ಕೊಳ್ಳಲ್ಲ. "ಕಿವಿ ಮುಚ್ಕೊಂಡು ಹಾಡು ಕೇಳೋದೇನೋ" ಅಂತಾರೆ. ಸರಿ, ಮನೆ ಮಂದಿಯೆಲ್ಲ ಕೂತು ಕೇಳೋ ಹಾಗೆ ಒಂದು ಜೋಡಿ ಸ್ಪೀಕರ್ ತರೋಣ ಅಂದ್ಕೊಂಡೆ. ಹೊಸದರ ಬೆಲೆ ನೋಡಿದೆ, ಆಗಲ್ಲ ಅನ್ನಿಸ್ತು. ಆನ್‌ಲೈನ್‌ನಲ್ಲಿ ಒಬ್ಬರು ದೊಡ್ಡ ಟವರ್ ಸ್ಪೀಕರ್ ಜೋಡಿ ಮಾರ್ತಾ ಇದ್ರು. ದೊಡ್ಡ ಕಂಪನಿ ಹೆಸರು. 9,000 ರೂಪಾಯಿ. ಹೋದೆ, ಅವರು ಒಂದು ಹಾಡು ಹಾಕಿದ್ರು, ಧಡ್ ಧಡ್ ಅಂತು, ನನಗೆ ಮೈ ಜುಂ ಅಂತು, ದುಡ್ಡು ಕೊಟ್ಟು ಬಂದೆ.

ಎರಡು ವಾರಕ್ಕೆ ಬೇಸ್ ಬಂದಾಗೆಲ್ಲ ಗರಗರ ಶಬ್ದ ಶುರುವಾಯ್ತು. ಮುಂದಿನ ಜಾಲರಿ ತೆಗೆದು ನೋಡಿದ್ರೆ, ಸ್ಪೀಕರ್ ಕೋನ್ ಸುತ್ತ ಇರೋ ಫೋಮ್ ಪಟ್ಟಿ ಒಣಗಿದ ಅವಲಕ್ಕಿ ಥರ ಉದುರ್ತಾ ಇದೆ. ಅದನ್ನ ಬದಲಾಯಿಸೋಕೆ 1,800 ಆಯ್ತು. ಅದಾದ ಮೇಲೆ ಒಂದಿನ ಅಪ್ಪ ಎಡಗಡೆ ಸ್ಪೀಕರ್ ಪಕ್ಕ ಕುರ್ಚಿ ಹಾಕ್ಕೊಂಡು ಕೂತಿದ್ರು. "ಈ ಕಡೆಯಿಂದ ತಾಳಾನೇ ಕೇಳಿಸ್ತಿಲ್ವಲ್ಲೋ. ಬಾಯಿಗೆ ಟವೆಲ್ ಇಟ್ಕೊಂಡು ಹಾಡಿದ ಹಾಗಿದೆ" ಅಂದ್ರು. ಹೌದು, ಎಡಗಡೆಯ ಟ್ವೀಟರ್ ಸತ್ತಿತ್ತು. ನಾನು ತಂದ ದಿನದಿಂದಲೂ ಸತ್ತೇ ಇದ್ದಿರಬೇಕು. ಎರಡು ತಿಂಗಳು ನನಗೆ ಗೊತ್ತೇ ಆಗಿರಲಿಲ್ಲ. ಆ ಮಾಡೆಲ್ ನಿಂತು ಎಷ್ಟೋ ವರ್ಷ ಆಗಿದ್ರಿಂದ ಅದೇ ಟ್ವೀಟರ್ ಸಿಗಲಿಲ್ಲ. ಕೊನೆಗೆ ಎಲ್ಲಾ ದೋಷಾನೂ ಹೇಳಿ, 4,000ಕ್ಕೆ ಮಾರಿದೆ. 9,000 ಪ್ಲಸ್ 1,800, ಮೈನಸ್ 4,000. ಅದೇ ಆ 6,800.

ಹಾಗಾದ್ರೆ ಹಳೇದು ಬೇಡವೇ?

ಬೇಕು. ನನ್ನ ಅಭಿಪ್ರಾಯ ಈಗಲೂ ಅದೇ. ಕಡಿಮೆ ಬಜೆಟ್‌ಗೆ ಮನೆಗೆ ಒಳ್ಳೇ ಸ್ಟೀರಿಯೋ ಬೇಕಾದ್ರೆ ಹಳೇ ಸ್ಪೀಕರ್‌ನಷ್ಟು ಲಾಭದ ವಸ್ತು ಬೇರೆ ಇಲ್ಲ. ಯಾಕೆ ಗೊತ್ತಾ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಿಪ್ರಿಸಿಯೇಷನ್. ನಾಲ್ಕು ವರ್ಷದ ಹಳೇ ಫೋನ್‌ನ ಬೆಲೆಯೂ ಬಿದ್ದಿರುತ್ತೆ, ಕೆಲಸವೂ ನಿಧಾನ ಆಗಿರುತ್ತೆ. ಸ್ಪೀಕರ್ ಹಾಗಲ್ಲ. ಒಂದು ಮ್ಯಾಗ್ನೆಟ್, ಒಂದು ಕಾಯಿಲ್, ಒಂದು ಕೋನ್, ಒಂದು ಮರದ ಪೆಟ್ಟಿಗೆ. ಸಾಫ್ಟ್‌ವೇರ್ ಅಪ್‌ಡೇಟ್ ಬೇಕಿಲ್ಲ. ಚೆನ್ನಾಗಿ ಇಟ್ಕೊಂಡಿದ್ರೆ 25 ವರ್ಷದ ಹಿಂದಿನ ಸ್ಪೀಕರ್ ಇವತ್ತೂ ಹಾಡುತ್ತೆ. ಬೆಲೆಗೆ ಬೇಗ ವಯಸ್ಸಾಗುತ್ತೆ, ಸೌಂಡ್‌ಗೆ ನಿಧಾನವಾಗಿ ಆಗುತ್ತೆ. ಆ ಅಂತರವೇ ನಮ್ಮ ಲಾಭ.

ಆದ್ರೆ ಸ್ಪೀಕರ್‌ನಲ್ಲಿ ಕೆಲವು ಭಾಗಗಳಿಗೆ ವಯಸ್ಸಾಗೇ ಆಗುತ್ತೆ. ಅವು ಯಾವುವು ಅಂತ ಗೊತ್ತಿದ್ರೆ ನೀವು ಲಾಭ ಮಾಡ್ತೀರಿ, ಗೊತ್ತಿಲ್ದಿದ್ರೆ ನನ್ನ ಹಾಗೆ ಫೀಸ್ ಕಟ್ತೀರಿ. ಇವತ್ತಿನ ಎಪಿಸೋಡ್‌ನ ಸಾರ ಇಷ್ಟೇ: ಹೆಸರಿಗೆ ದುಡ್ಡು ಕೊಡಬೇಡಿ, ಸ್ಥಿತಿಗೆ ಕೊಡಿ.

ಫುಲ್ ರೇಂಜ್ ಅಂದ್ರೆ ಏನು?

ಈ ಪದ ಜಾಹೀರಾತಲ್ಲಿ ಎಲ್ಲಾ ಕಡೆ ಇರುತ್ತೆ. ಇದಕ್ಕೆ ಎರಡು ಅರ್ಥ ಇದೆ. ಒಂದು, ಒಂದೇ ಡ್ರೈವರ್ ಎಲ್ಲಾ ಶಬ್ದವನ್ನೂ ನುಡಿಸೋದು. ಇನ್ನೊಂದು, ಬೇರೆ ಸಬ್‌ವೂಫರ್ ಇಲ್ಲದೆ ಆ ಪೆಟ್ಟಿಗೆಯೇ ಕೆಳಗಿನ ಬೇಸ್‌ನಿಂದ ಮೇಲಿನ ತಾಳ, ಗೆಜ್ಜೆ ಸದ್ದಿನ ತನಕ ಎಲ್ಲಾ ನುಡಿಸೋದು. ನಾನು ಮಾತಾಡ್ತಿರೋದು ಎರಡನೇದರ ಬಗ್ಗೆ.

ಮನುಷ್ಯನ ಕಿವಿ ಕೇಳೋದು 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಅಂತಾರೆ. ವಯಸ್ಸಾದ ಹಾಗೆ ಮೇಲಿನ ತುದಿ ಕಡಿಮೆ ಆಗ್ತಾ ಹೋಗುತ್ತೆ. ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಪಿಯಾನೋದ ಎಡತುದಿಯ ಕೀ 27.5. ಗಂಡಸರ ಹಾಡಿನ ದನಿ ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಮೇಲೇ ಇರುತ್ತೆ. ಅಂದ್ರೆ, ಪ್ರಾಮಾಣಿಕವಾಗಿ 45, 50 ಹರ್ಟ್ಸ್ ತನಕ ಇಳಿಯೋ ಸ್ಪೀಕರ್ ಸಿಕ್ಕಿದ್ರೆ ನಮ್ಮ ಬಜೆಟ್‌ಗೆ ಸಾಕು. ಸಿನಿಮಾ ಹಾಡು, ಭಾವಗೀತೆ, ಕರ್ನಾಟಕ ಸಂಗೀತ, ರ‍್ಯಾಪ್, ಬಹುಪಾಲು ಎಲ್ಲಾ ಅದರಲ್ಲಿ ಬರುತ್ತೆ.

"ಪ್ರಾಮಾಣಿಕವಾಗಿ" ಅಂದೆ ಅಲ್ವಾ? ಲೇಬಲ್ ಮೇಲೆ 40 ಹರ್ಟ್ಸ್‌ನಿಂದ 20,000 ಹರ್ಟ್ಸ್ ಅಂತ ಮಾತ್ರ ಬರೆದಿದ್ರೆ ಅದರಿಂದ ಹೆಚ್ಚೇನೂ ಗೊತ್ತಾಗಲ್ಲ. ಪಕ್ಕದಲ್ಲಿ ಪ್ಲಸ್ ಆರ್ ಮೈನಸ್ 3 ಡೆಸಿಬಲ್ ಅಂತ ಇದ್ರೆ ಮಾತ್ರ ಆ ಅಂಕಿಗೆ ತೂಕ. ಇನ್ನು ಹಳೇ ಮ್ಯೂಸಿಕ್ ಸಿಸ್ಟಂಗಳ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ ಅಂತ ಹೊಳೆಯೋ ಸ್ಟಿಕ್ಕರ್ ಇರುತ್ತಲ್ಲ, ಅದನ್ನ ನೋಡಿ ನಕ್ಕು ಸುಮ್ಮನಾಗಿ. ಸ್ಪೀಕರ್ ಮೇಲಿನ ವ್ಯಾಟ್ ಅಂದ್ರೆ ಅದು ಎಷ್ಟು ತಡ್ಕೊಳ್ಳುತ್ತೆ ಅಂತ, ಎಷ್ಟು ಚೆನ್ನಾಗಿ ಹಾಡುತ್ತೆ ಅಂತ ಅಲ್ಲ.

ನೋಡಬೇಕಾದ ಅಂಕಿ ಇನ್ನೊಂದಿದೆ, ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಶಬ್ದ ಬರುತ್ತೆ ಅನ್ನೋದು. 87 ಇರೋ ಸ್ಪೀಕರ್‌ಗೂ 90 ಇರೋದಕ್ಕೂ ಮೂರೇ ಅಂಕಿ ವ್ಯತ್ಯಾಸ ಅನ್ನಿಸುತ್ತೆ. ಆದ್ರೆ ಅದೇ ಶಬ್ದಕ್ಕೆ 87ರದ್ದು ಎರಡು ಪಟ್ಟು ಪವರ್ ಕೇಳುತ್ತೆ. ಸೆನ್ಸಿಟಿವಿಟಿ ಜಾಸ್ತಿ ಇದ್ರೆ ಆಂಪ್ಲಿಫೈಯರ್ ಖರ್ಚು ಉಳಿಯುತ್ತೆ.

ದೊಡ್ಡ ಪೆಟ್ಟಿಗೆಯ ಡಿಸ್ಕೌಂಟ್

ಸ್ಪೀಕರ್ ಲೋಕದಲ್ಲಿ ಹಾಫ್‌ಮನ್ ನಿಯಮ ಅಂತ ಒಂದಿದೆ. ಸಣ್ಣ ಪೆಟ್ಟಿಗೆ, ಆಳವಾದ ಬೇಸ್, ಕಡಿಮೆ ಪವರ್‌ಗೇ ಜೋರು ಶಬ್ದ, ಈ ಮೂರರಲ್ಲಿ ಎರಡನ್ನ ಮಾತ್ರ ಆರಿಸ್ಕೋಬಹುದು. ಮೂರೂ ಒಟ್ಟಿಗೆ ಸಿಗಲ್ಲ. ಯಾರಾದ್ರೂ ಅಂಗೈ ಅಗಲದ ಬಾಕ್ಸ್ ತೋರಿಸಿ "ಫುಲ್ ಬೇಸ್ ಸಾರ್" ಅಂದ್ರೆ ಈ ನಿಯಮ ನೆನಪಿಸ್ಕೊಳ್ಳಿ.

ಬೆಂಗಳೂರಿನ ಮಾರುಕಟ್ಟೆ ಇಲ್ಲಿ ನಮಗೆ ಸಹಾಯ ಮಾಡುತ್ತೆ. ಮನೆಗಳು ಚಿಕ್ಕದಾಗಿವೆ. ಹಳೇ ಮನೆ ಬಿಟ್ಟು ಫ್ಲ್ಯಾಟ್‌ಗೆ ಹೋಗೋರಿಗೆ ದೊಡ್ಡ ಸ್ಪೀಕರ್ ಒಂದು ತಲೆನೋವು. ಹಾಗಾಗಿ ಎಂಟು ಇಂಚಿನ ವೂಫರ್ ಇರೋ ದೊಡ್ಡ ಪೆಟ್ಟಿಗೆ ಎಷ್ಟೋ ಸಲ ಅದೇ ದರ್ಜೆಯ ಮುದ್ದಾದ ಚಿಕ್ಕ ಪೆಟ್ಟಿಗೆಗಿಂತ ಅಗ್ಗ. ನಿಮ್ಮ ರೂಮಲ್ಲಿ ಜಾಗ ಇದ್ರೆ, ಆ ಡಿಸ್ಕೌಂಟ್ ನಿಮ್ಮದು.

ಹೆಸರಿನ ಬೆಲೆಗೆ ಒಂದು ಉದಾಹರಣೆ ಕೊಡ್ತೀನಿ. ಯಮಹಾ ಎನ್‌ಎಸ್-10 ಅಂತ ಒಂದು ಸ್ಪೀಕರ್, ಬಿಳಿ ಕೋನ್‌ದು. 1978ರಲ್ಲಿ ಮನೆ ಬಳಕೆಗೆ ಅಂತ ಬಂತು. ಆಮೇಲೆ ಪ್ರಪಂಚದ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲೆಲ್ಲ ಕೂತ್ಕೊಳ್ತು. 2001ರಲ್ಲಿ ಉತ್ಪಾದನೆ ನಿಲ್ತು. ಈಗಲೂ ಅದಕ್ಕೆ ಭಾರೀ ಬೇಡಿಕೆ. ಆದ್ರೆ ಎಂಜಿನಿಯರ್‌ಗಳು ಅದನ್ನ ಇಟ್ಕೊಂಡಿದ್ದು ಮಿಕ್ಸಿಂಗ್‌ನ ತಪ್ಪುಗಳನ್ನ ಅದು ಎತ್ತಿ ತೋರಿಸುತ್ತೆ ಅಂತ. ಕೆಳಗಿನ ಬೇಸ್ ಅದರಲ್ಲಿ ಕಮ್ಮಿ. ಅಪ್ಪನ ಜೊತೆ ಕೂತು ಹಾಡು ಕೇಳೋರಿಗೆ ಆ ಹೆಸರಿಗೆ ದುಡ್ಡು ಯಾಕೆ?

ಇನ್ನೊಂದು ಎಚ್ಚರಿಕೆ. ಹೋಂ ಥಿಯೇಟರ್ ಸೆಟ್‌ನಿಂದ ಬಿಡಿಯಾಗಿ ಬಂದ ಪುಟ್ಟ ಬಾಕ್ಸ್‌ಗಳು ತುಂಬಾ ಮಾರಾಟಕ್ಕೆ ಇರ್ತವೆ. ಅವು ತಮ್ಮ ಸಬ್‌ವೂಫರ್ ಜೊತೆಗಿದ್ರೇನೇ ಪೂರ್ತಿ. ಒಂಟಿಯಾಗಿ ಅವು ಫುಲ್ ರೇಂಜ್ ಅಲ್ಲ.

20 ನಿಮಿಷದ ಪರೀಕ್ಷೆ

ಈಗ ಮುಖ್ಯ ವಿಷಯ. ನೋಡೋಕೆ ಹೋಗುವಾಗ ಜೇಬಲ್ಲಿ ನಾಲ್ಕು ವಸ್ತು ಇರಲಿ. ನಿಮ್ಮ ಫೋನ್, ಅದರಲ್ಲಿ ಟೋನ್ ಜನರೇಟರ್ ಆ್ಯಪ್. ಒಂದು ಎಎ ಸೆಲ್, ಗೋಡೆ ಗಡಿಯಾರಕ್ಕೆ ಹಾಕ್ತೀವಲ್ಲ ಅದು, ಜೊತೆಗೆ ಎರಡು ತುಂಡು ವೈರ್. ಒಂದು ಅಗ್ಗದ ಮಲ್ಟಿಮೀಟರ್. ಮತ್ತೆ ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯೋ ರಟ್ಟಿನ ಕೊಳವೆ. ನಗಬೇಡಿ, ಅದಕ್ಕೂ ಕೆಲಸ ಇದೆ.

ಮೊದಲನೇದು, ಜಾಲರಿ ತೆಗೆಸಿ. "ತೆಗೆದ್ರೆ ಮುರಿಯುತ್ತೆ" ಅಂದ್ರೆ ಅಲ್ಲೇ ಅನುಮಾನ ಪಡಿ. ಕೋನ್ ಸುತ್ತಲಿನ ಪಟ್ಟಿಗೆ ಸರೌಂಡ್ ಅಂತಾರೆ. ಅದು ರಬ್ಬರ್ ಆಗಿದ್ರೆ ಬಾಳಿಕೆ ಜಾಸ್ತಿ. ಬಟ್ಟೆಯದ್ದಾದ್ರೂ ಚಿಂತೆ ಇಲ್ಲ. ಫೋಮ್ ಆಗಿದ್ರೆ, ವರ್ಷಗಳು ಕಳೆದ ಹಾಗೆ ಗಾಳಿಯ ತೇವಕ್ಕೆ, ಶಾಖಕ್ಕೆ ಅದು ತಾನಾಗೇ ಕೊಳೆಯುತ್ತೆ, ಬಳಸಿದ್ರೂ ಅಷ್ಟೇ, ಮೂಲೆಯಲ್ಲಿಟ್ಟಿದ್ರೂ ಅಷ್ಟೇ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಅಂಟಂಟಾಗಿದ್ರೆ, ಪುಡಿಯಾದ್ರೆ, ಅದರ ಕಾಲ ಮುಗಿದಿದೆ. ಮಂಗಳೂರು, ಕಾರವಾರದ ಕಡೆಯವರು ಇನ್ನೂ ಹುಷಾರಾಗಿ ನೋಡಿ.

ಎರಡನೇದು, ಸಿಸ್ಟಂ ಆಫ್ ಇರುವಾಗ ಎರಡೂ ಕೈಯ ಬೆರಳುಗಳಿಂದ ಕೋನ್‌ನ ಎರಡು ಪಕ್ಕ ಸಮವಾಗಿ, ತುಂಬಾ ಮೆಲ್ಲಗೆ ಒಳಗೆ ತಳ್ಳಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಕರಕರ ಅಂದ್ರೆ ಒಳಗಿನ ಕಾಯಿಲ್ ಉಜ್ಜುತ್ತಿದೆ. ಟ್ವೀಟರ್ ಅನ್ನು ಮಾತ್ರ ಮುಟ್ಟಲೇಬೇಡಿ. ಅದರ ಗುಮ್ಮಟ ಬೆರಳು ತಾಗಿದ್ರೂ ತಗ್ಗಾಗುತ್ತೆ.

ಮೂರನೇದು, ಮಲ್ಟಿಮೀಟರ್. ಆಂಪ್ಲಿಫೈಯರ್ ವೈರ್ ಬಿಚ್ಚಿ, ಹಿಂದಿನ ಟರ್ಮಿನಲ್‌ಗೆ ಹಿಡೀರಿ. 8 ಓಮ್ ಸ್ಪೀಕರ್ ಸುಮಾರು 6 ತೋರಿಸುತ್ತೆ, 4 ಓಮ್ ಅಂದ್ರೆ 3ಕ್ಕಿಂತ ಸ್ವಲ್ಪ ಮೇಲೆ. ಎರಡೂ ಪೆಟ್ಟಿಗೆಯ ಅಂಕಿ ಹತ್ತಿರ ಹತ್ತಿರ ಇರಬೇಕು. ಏನೂ ತೋರಿಸದಿದ್ರೆ ವೂಫರ್ ಕಾಯಿಲ್ ಸುಟ್ಟಿರಬಹುದು ಅಥವಾ ಒಳಗೆ ವೈರ್ ಕಿತ್ತಿರಬಹುದು. ಆದ್ರೆ ಗಮನಿಸಿ, ಟ್ವೀಟರ್ ಮುಂದೆ ಸಾಮಾನ್ಯವಾಗಿ ಒಂದು ಕೆಪಾಸಿಟರ್ ಇರುತ್ತೆ. ಅದು ಮೀಟರ್‌ನ ಕರೆಂಟ್ ಅನ್ನು ಟ್ವೀಟರ್‌ಗೆ ಬಿಡಲ್ಲ. ಅಂದ್ರೆ ಟ್ವೀಟರ್ ಸತ್ತಿದ್ರೂ ಮೀಟರ್ "ಎಲ್ಲಾ ಸರಿ" ಅನ್ನುತ್ತೆ. ನನ್ನ ಮೊದಲ ಜೋಡಿಯೂ ಈ ಪರೀಕ್ಷೆಯಲ್ಲಿ ಪಾಸಾಗೇ ಆಗ್ತಿತ್ತು.

ನಾಲ್ಕನೇದು, ಸೆಲ್. ಪ್ಲಸ್ ಅನ್ನು ಕೆಂಪು ಟರ್ಮಿನಲ್‌ಗೆ, ಮೈನಸ್ ಅನ್ನು ಕಪ್ಪಿಗೆ ಕ್ಷಣ ಮಾತ್ರ ತಾಗಿಸಿ. ಟಕ್ ಅಂತ ಕೋನ್ ಚಲಿಸುತ್ತೆ. ಎರಡೂ ಪೆಟ್ಟಿಗೆಯಲ್ಲಿ ಒಂದೇ ದಿಕ್ಕಿಗೆ ಚಲಿಸಬೇಕು. ಒಂದು ಹೊರಗೆ, ಒಂದು ಒಳಗೆ ಹೋದ್ರೆ ಯಾರೋ ರಿಪೇರಿ ಮಾಡುವಾಗ ವೈರ್ ಅದಲು ಬದಲು ಮಾಡಿದ್ದಾರೆ. ಅಂಥ ಜೋಡಿಯಲ್ಲಿ ಒಂದರ ಬೇಸ್ ಅನ್ನು ಇನ್ನೊಂದು ತಿಂದುಹಾಕುತ್ತೆ.

ಐದನೇದು, ನಮ್ಮ ರಟ್ಟಿನ ಕೊಳವೆ. ಹಾಡು ಹಾಕಿ, ವಾಲ್ಯೂಮ್ ಕಡಿಮೆ ಇಡಿ, ಕೊಳವೆಯ ಒಂದು ತುದಿ ಟ್ವೀಟರ್ ಹತ್ತಿರ, ಇನ್ನೊಂದು ತುದಿ ನಿಮ್ಮ ಕಿವಿಗೆ. ತಾಳ, ಗೆಜ್ಜೆ, ಹಾಡುವವರ "ಸ", "ಶ" ಅಕ್ಷರಗಳು ಚುರುಕಾಗಿ ಕೇಳಬೇಕು. ಎರಡೂ ಕಡೆ ಕೇಳಿ ಹೋಲಿಸಿ. ಒಂದು ಕಡೆ ಮಂದ ಇದ್ರೆ ಅಪ್ಪನ ಟವೆಲ್ ನೆನಪಿಸ್ಕೊಳ್ಳಿ.

ಆರನೇದು, ಟೋನ್ ಆ್ಯಪ್. ವಾಲ್ಯೂಮ್ ಕಡಿಮೆಯಲ್ಲೇ 40 ಹರ್ಟ್ಸ್‌ನಿಂದ ನಿಧಾನವಾಗಿ 300ರ ತನಕ ಏರಿಸಿ. ಎಲ್ಲಾದ್ರೂ ಗರಗರ ಅಂದ್ರೆ ಪೆಟ್ಟಿಗೆ ಸಡಿಲವೋ, ಕಾಯಿಲ್ ದೋಷವೋ ಇದೆ. ಜೋರಾಗಿ ಮಾತ್ರ ಹಾಕಬೇಡಿ. ಬರೀ ಟೋನ್ ಅನ್ನು ಜೋರಾಗಿ ಹಾಕಿದ್ರೆ ಚೆನ್ನಾಗಿರೋ ಸ್ಪೀಕರ್ ಕೂಡ ಹಾಳಾಗುತ್ತೆ, ಅದಿನ್ನೂ ಅವರದ್ದು, ನಿಮ್ಮದಲ್ಲ.

ಕೊನೆಗೆ ಪೆಟ್ಟಿಗೆಯನ್ನ ಒಮ್ಮೆ ಓರೆ ಮಾಡಿ ತಳ ನೋಡಿ. ನೆಲ ಒರೆಸೋ ನೀರಿಗೆ ಪಾರ್ಟಿಕಲ್ ಬೋರ್ಡ್ ಉಬ್ಬಿದೆಯಾ? ಗೆದ್ದಲು? ಎರಡರಲ್ಲೂ ಒಂದೇ ಥರದ ವೂಫರ್ ಇದೆಯಾ? ಮತ್ತೆ ಸಹಜವಾಗಿ ಒಂದು ಪ್ರಶ್ನೆ ಕೇಳಿ: "ಪಾರ್ಟಿಗೆ, ಗಣೇಶನ ಪೆಂಡಾಲಿಗೆ ಕೊಟ್ಟಿದ್ರಾ ಸಾರ್?" ಆಂಪ್ಲಿಫೈಯರ್‌ನ ಶಕ್ತಿ ಮೀರಿ ವಾಲ್ಯೂಮ್ ಏರಿಸಿದಾಗ ಮೊದಲು ಸುಡೋದು ಹೆಚ್ಚಾಗಿ ಟ್ವೀಟರ್.

ಚೌಕಾಸಿ ಎಲ್ಲಿ, ನಮಸ್ಕಾರ ಎಲ್ಲಿ

ಪರೀಕ್ಷೆ ಆಯ್ತು, ಈಗ ಲೆಕ್ಕ. ಮೂರು ಕಾಲಂ ಹಾಕ್ಕೊಳ್ಳಿ. ಮೊದಲ ಕಾಲಂ, ಕಣ್ಣಿಗೆ ಮಾತ್ರ ಕಾಣೋ ದೋಷ: ಗೀರು, ಜಾಲರಿ ಹರಿದಿರೋದು, ಹೆಸರಿನ ಬಿಲ್ಲೆ ಕಿತ್ತಿರೋದು. ಇವು ನಿಮ್ಮ ಸ್ನೇಹಿತರು. ಬೆಲೆ ಇಳಿಸ್ತವೆ, ಸೌಂಡ್ ಇಳಿಸಲ್ಲ. ಎರಡನೇ ಕಾಲಂ, ರಿಪೇರಿ ಆಗೋ ದೋಷ: ಫೋಮ್ ಸರೌಂಡ್, ಸಡಿಲ ಟರ್ಮಿನಲ್. ಹೋಗೋ ಮುಂಚೆಯೇ ರಿಪೇರಿ ಅಂಗಡಿಯಲ್ಲಿ ದರ ಕೇಳಿ ಇಟ್ಕೊಂಡು, ಅಷ್ಟನ್ನು ಬೆಲೆಯಿಂದ ಕಳೀರಿ. ಎಸ್.ಪಿ. ರೋಡ್ ಕಡೆ ಒಂದು ಸುತ್ತು ಹಾಕಿದ್ರೆ ಅಂದಾಜು ಸಿಗುತ್ತೆ. ಮೂರನೇ ಕಾಲಂ, ಎದ್ದು ಬರಬೇಕಾದ ದೋಷ: ನಿಂತುಹೋದ ಮಾಡೆಲ್‌ನ ಸತ್ತ ಟ್ವೀಟರ್, ಉಬ್ಬಿದ ಪೆಟ್ಟಿಗೆ, ಬೇರೆ ಬೇರೆ ವೂಫರ್, ಮತ್ತೆ ಹಾಡಿಸಿ ತೋರಿಸೋಕೆ ಒಪ್ಪದ ಮಾರಾಟಗಾರ. ಕೈ ಮುಗಿದು ಬನ್ನಿ. ಭಾನುವಾರ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ನಲ್ಲಿ ಹಾಡಿಸಿ ನೋಡೋ ಅವಕಾಶ ಇಲ್ಲದಿದ್ರೆ, ಕಳ್ಕೊಂಡ್ರೂ ಪರವಾಗಿಲ್ಲ ಅನ್ನೋಷ್ಟೇ ದುಡ್ಡು ಹಾಕಿ.

ನನ್ನ ಎರಡನೇ ಜೋಡಿ ಸಿಕ್ಕಿದ್ದು ನಿವೃತ್ತರಾದ ಒಬ್ಬ ಅಂಕಲ್ ಹತ್ರ. "ಮಗನ ಫ್ಲ್ಯಾಟಲ್ಲಿ ಇದಕ್ಕೆ ಜಾಗ ಇಲ್ಲ ಕಣಪ್ಪ" ಅಂದ್ರು. ಎಂಟು ಇಂಚಿನ ವೂಫರ್, ರಬ್ಬರ್ ಸರೌಂಡ್, ಒಂದರ ಜಾಲರಿ ಇರಲಿಲ್ಲ, ಮೂಲೆಯಲ್ಲಿ ಮರದ ಪದರ ಕಿತ್ತಿತ್ತು. ನಾನು ಮಂಡಿಯೂರಿ ರಟ್ಟಿನ ಕೊಳವೆ ಇಟ್ಟು ಕೇಳ್ತಿದ್ರೆ ಆಂಟಿ ಒಳಗಿಂದ ಬಂದು, "ಏನ್ರೀ ಇದು, ಡಾಕ್ಟರ್ ಬಂದ ಹಾಗಿದೆ!" ಅಂತ ನಕ್ಕರು. ಕಾಫಿಯೂ ಕೊಟ್ರು. 5,500 ಹೇಳಿದ್ರು, 4,200ಕ್ಕೆ ಒಪ್ಪಿದ್ರು. ಕೊಡುವಾಗ ಅಂಕಲ್ ಒಂದು ಸಲ ಪೆಟ್ಟಿಗೆ ಮೇಲೆ ಕೈ ಆಡಿಸಿ, "ಚೆನ್ನಾಗಿ ನೋಡ್ಕೊಳ್ಳಿ" ಅಂದ್ರು.

ಒಟ್ಟು ಲೆಕ್ಕ ಕೇಳಿ. ಸ್ಪೀಕರ್ 4,200. ಆಟೋ 350. ಬ್ಲೂಟೂತ್ ಇರೋ ಚಿಕ್ಕ ಆಂಪ್ಲಿಫೈಯರ್ 2,400. ವೈರ್ 300. ಒಟ್ಟು 7,250. ನನ್ನ ಮೊದಲ ಜೋಡಿಗೆ ಬರೀ ಸ್ಪೀಕರ್‌ಗೇ 9,000 ಕೊಟ್ಟಿದ್ದೆ. ಈ ಆಂಪ್ಲಿಫೈಯರ್ ಖರ್ಚನ್ನ ಬಜೆಟ್‌ನಲ್ಲಿ ಮರೀಬೇಡಿ, ಹಳೇ ಸ್ಪೀಕರ್‌ಗಳು ಹೆಚ್ಚಾಗಿ ತಾವಾಗೇ ಹಾಡಲ್ಲ. ಆಂಪ್ಲಿಫೈಯರ್ ಎಷ್ಟು ಓಮ್‌ಗೆ ಸರಿ ಅಂತಾನೂ ನೋಡ್ಕೊಳ್ಳಿ.

ಮನೆಗೆ ತಂದ ಮೇಲೆ ಖರ್ಚಿಲ್ಲದ ಒಂದು ಕೆಲಸ ಇದೆ. ಎರಡು ಸ್ಪೀಕರ್ ಮತ್ತು ನೀವು ಕೂರೋ ಜಾಗ ಒಂದು ತ್ರಿಕೋನ ಆಗಲಿ, ಟ್ವೀಟರ್ ಕಿವಿಯ ಎತ್ತರಕ್ಕೆ ಇರಲಿ. ಮೂಲೆಗೆ ತಳ್ಳಿದ್ರೆ ಬೇಸ್ ಗುಂಯ್ ಅನ್ನುತ್ತೆ, ಗೋಡೆಯಿಂದ ಒಂದಡಿ ಮುಂದೆ ಎಳೆದು ನೋಡಿ. ನಮ್ಮ ಮನೆಗಳ ಟೈಲ್ಸ್ ನೆಲ, ಬರಿ ಗೋಡೆ ಶಬ್ದವನ್ನ ಚೆಂಡಿನ ಥರ ವಾಪಸ್ ಎಸೀತವೆ. ಒಂದು ಜಮಖಾನ, ಒಂದು ದಪ್ಪ ಪರದೆ ಹಾಕಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ.

ಮೊದಲ ದಿನ ಸಂಜೆ ಅಪ್ಪನನ್ನ ಕರೆದು ಕೂರಿಸಿದೆ. ಈ ಸಲ ನಾನು ಏನೂ ಕೇಳಲಿಲ್ಲ. ಅವರು ಎಡಗಡೆ ಕಿವಿ ಕೊಟ್ರು, ಬಲಗಡೆ ಕಿವಿ ಕೊಟ್ರು, ಆಮೇಲೆ ಮಧ್ಯದಲ್ಲಿ ಕೂತ್ರು. ಎರಡನೇ ಚರಣ ಬರೋ ಹೊತ್ತಿಗೆ ಅವರ ಕೈ ತೊಡೆ ಮೇಲೆ ತಾಳ ಹಾಕ್ತಾ ಇತ್ತು. ಅಡುಗೆಮನೆಯಿಂದ ಅಮ್ಮ, "ಸ್ವಲ್ಪ ಜೋರು ಇಡೋ, ಇಲ್ಲಿಗೂ ಕೇಳಲಿ" ಅಂದ್ರು.

ಸ್ಟೀಲ್ ಲೋಟ ಈಗ ಕಾಫಿಗೆ ವಾಪಸ್ ಹೋಗಿದೆ. ನಿಮ್ಮ ಮನೆ ಅಟ್ಟದ ಮೇಲೆ ಹಳೇ ಸ್ಪೀಕರ್ ಏನಾದ್ರೂ ಇದ್ರೆ, ಕೊಳ್ಳೋಕೆ ಹೊರಡೋ ಮುಂಚೆ ಮೊದಲು ಅದರ ಜಾಲರಿ ತೆಗೆದು ನೋಡಿ. ಮುಂದಿನ ವಾರ ಸಿಗೋಣ, ನಮಸ್ಕಾರ.